ನಲವತ್ತೆರಡನೇ ಪುಟದ ಮೂಲೆ

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಗಿನ ಬಲ ಮೂಲೆಯ ಹತ್ತಿರ ಹೆಬ್ಬೆರಳಿನ ಉಗುರಿನಷ್ಟು ಜಾಗ ತೆಳ್ಳಗಾಗಿತ್ತು. ಅಲ್ಲಿ ಮಾತ್ರ ಬೆಳಕು ಆಚೆಯಿಂದ ಈಚೆ ಬರುತ್ತಿತ್ತು.

“ಪರಮೇಶ್ವರಪ್ಪನವರ, ಸ್ವಲ್ಪ ಇಲ್ಲಿ ಬರ್ರಿ. ಈ ಪುಸ್ತಕಾನ ಯಾರು ಒಯ್ದಿದ್ರು?”

ಅಡಿಕೆ ಮಾರಾಟ ಸಂಘದ ಕಾರ್ಯದರ್ಶಿ ಪರಮೇಶ್ವರಪ್ಪ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದರು. ನನ್ನ ಹಾಗೆ ಬನವಾಸಿ ಕಡೆಯವರು. ಶಿರಸಿಗೆ ಬಂದು ಮೂವತ್ತು ವರ್ಷವಾದರೂ ಇಬ್ಬರ ಮಾತೂ ಬದಲಾಗಿಲ್ಲ.

“ಯಾರ್ಯಾರೋ ಒಯ್ತಾರ್ರಿ ಅಕ್ಕಾರ. ಕಂಪ್ಯೂಟರಿನ ಪುಸ್ತಕ ಅದು, ನಮಗೇನು ತಿಳೀತದ?”

“ಬ್ಲೇಡಿನಿಂದ ಕೆರೆದಾರ ನೋಡ್ರಿ.”

“ಇಲಿ ಇರಬೇಕು ಬಿಡ್ರಿ.”

“ಇಲಿ ಮೂಲೀನ ಕಡೀತದ. ಒಂದು ಅಂಕಿ ಇರೋವಷ್ಟ ಜಾಗ ಹುಡುಕಿ ಕೆರೆದು, ಮ್ಯಾಲೆ ಉಗುರಿನಿಂದ ತಿಕ್ಕಿ ನುಣ್ಣಗ ಮಾಡಿ ಹೋಗೂದಿಲ್ಲ.”

ಅವರು ಹಾಳೆಯನ್ನು ಇಸಿದುಕೊಂಡು ನೋಡಿದರು. ಬೆರಳಿನಿಂದ ಸವರಿದರು. “ಅಯ್ಯ ಶಿವನ,” ಅಂದವರೇ ಪುಸ್ತಕ ಕೊಟ್ಟು ಪಡೆದ ವಹಿ ತರಲು ಒಳಗೆ ಹೋದರು.

ಕಳೆದ ಶುಕ್ರವಾರ ನಡೆದದ್ದು ಊರಿಗೆಲ್ಲ ಗೊತ್ತು. ನಮ್ಮ ಕಡೆ ಅಡಿಕೆಯನ್ನು ಕೂಗಿ ಮಾರುವುದಿಲ್ಲ. ರಾಶಿ ರಾಶಿಯಾಗಿ ಸುರಿದಿಡುತ್ತಾರೆ. ವ್ಯಾಪಾರಿಗಳು ಸುತ್ತ ನಡೆದು, ಅಂಗಿಯ ತೋಳು ಮಡಚಿ ರಾಶಿಯ ತಳದವರೆಗೆ ಕೈ ಹಾಕಿ ನೋಡಿ, ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಪೆಟ್ಟಿಗೆ ಒಡೆದ ಮೇಲೆ ಯಾವ ರಾಶಿ ಯಾರಿಗೆ ಅನ್ನುವುದನ್ನು ಈಗ ಎರಡು ವರ್ಷದಿಂದ ಕಂಪ್ಯೂಟರು ಹೇಳುತ್ತದೆ. ಶುಕ್ರವಾರ ಅದು ನೂರಾ ಹನ್ನೆರಡನೇ ರಾಶಿಗೆ ನಿಂತುಬಿಟ್ಟಿತು. ಟೆಂಡರು ರದ್ದಾಯಿತು. ಬೆಳೆಗಾರರು ಬೈದುಕೊಂಡು ಮನೆಗೆ ಹೋದರು.

ಆ ದಿನ ಪರೀಕ್ಷೆಗೆಂದು ಓಡಿಸಿದ್ದ ಪ್ರೋಗ್ರಾಂ ಸಿದ್ದಾಪುರದ ಪರಿಮಳಾ ಬರೆದದ್ದು. ಇಪ್ಪತ್ನಾಲ್ಕು ವರ್ಷದ ಹುಡುಗಿ. ಅದರ ಹೆಸರು ‘ಚೀಟಿ’. ಅದರ ಎದುರಾಳಿ, ಈವರೆಗೆ ಓಡುತ್ತಿದ್ದ ‘ರಾಶಿ’, ವಿಘ್ನೇಶ್ವರ ಹೆಗಡೆಯದು. ಇಷ್ಟೇ ಆಗಿದ್ದರೆ ಇದು ಇಬ್ಬರ ಪೈಪೋಟಿ. ಆದರೆ ಎರಡೂ ಓಡುವುದು ‘ತಳಪಾಯ’ದ ಮೇಲೆ, ಮತ್ತು ತಳಪಾಯವೂ ಹೆಗಡೆಯದೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿನ ಶಾಖೆಗಳಲ್ಲಿರುವ ಯಂತ್ರವೆಲ್ಲ ಅದರ ಮೇಲೆಯೇ ನಿಂತಿದೆ. ಯಾರೇ ಪ್ರೋಗ್ರಾಂ ಬರೆಯಲಿ, ಇದನ್ನು ನೆನಪಿಡು, ಇದನ್ನು ಅಚ್ಚು ಹಾಕು ಎಂದು ತಳಪಾಯವನ್ನೇ ಕೇಳಬೇಕು. ಆ ಕೇಳಿಕೆಗಳಿಗೆ ‘ಕರೆ’ ಅನ್ನುತ್ತಾರೆ. ಯಾವ ಕರೆಗೆ ತಳಪಾಯ ಏನು ಮಾಡುತ್ತದೆ ಅನ್ನುವುದು ನನ್ನ ಕೈಯಲ್ಲಿದ್ದ ಈ ನಲವತ್ತೆರಡು ಪುಟದ ಪುಸ್ತಕದಲ್ಲಿದೆ.

ಯಂತ್ರ ನಿಂತ ಹತ್ತು ನಿಮಿಷಕ್ಕೆ ಹೆಗಡೆ, ಹೊಸ ಪ್ರೋಗ್ರಾಂ ನೋಡಲು ಸೇರಿದ್ದ ಸಭೆಯಲ್ಲಿ ಎದ್ದು ನಿಂತು, ಈ ಹುಡುಗಿ ನನ್ನ ತಳಪಾಯಕ್ಕೆ ಬೇಕಂತಲೇ ವಿಷ ಹಾಕಿದ್ದಾಳೆ, ನನ್ನ ಹೆಸರು ಕೆಡಿಸಲಿಕ್ಕೆ, ಅಂದ. ಪರಿಮಳಾ ಎಲ್ಲರೆದುರು ಅತ್ತಳು. ನಾಳೆ ಹನ್ನೊಂದಕ್ಕೆ ಆಡಳಿತ ಮಂಡಳಿ ಸೇರುತ್ತದೆ. ವಿಷ ಹಾಕಿದ್ದು ಹೌದು ಎಂದು ತೀರ್ಮಾನವಾದರೆ ಅವಳ ಮೇಲೆ ಪೊಲೀಸ್ ದೂರು. ಆಮೇಲೆ ಈ ಮೂರು ತಾಲೂಕಿನಲ್ಲಿ ಅವಳಿಗೆ ಯಾರೂ ಯಂತ್ರ ಮುಟ್ಟಲು ಬಿಡುವುದಿಲ್ಲ.

ತೀರ್ಮಾನಕ್ಕೆ ಮೊದಲು ವರದಿ ಕೊಡಬೇಕಾದವಳು ನಾನು, ದಾಕ್ಷಾಯಿಣಿ. ದೇವಿಕೆರೆ ಹತ್ತಿರ ಟೈಪಿಂಗ್ ಕ್ಲಾಸು ನಡೆಸುವವಳು. ಯಾವ ಅಕ್ಷರ ಯಾವ ಮಿಷನ್ನಿನಿಂದ ಬಿದ್ದಿದೆ ಎಂದು ಹೇಳಬಲ್ಲೆ ಅನ್ನುವ ಕಾರಣಕ್ಕೆ ಊರಿನಲ್ಲಿ ಹೆಸರಿಲ್ಲದ ನಾಲ್ಕು ಮೂಗರ್ಜಿ ಬರೆದವರನ್ನು ಹಿಡಿದುಕೊಟ್ಟವಳು. ಇಬ್ಬರಿಗೂ ಸಂಬಂಧ ಇಲ್ಲದವರು ಅಂತ ಮಂಡಳಿ ನನ್ನನ್ನೇ ಆರಿಸಿತು. ಸಂಬಂಧ ಇಲ್ಲದವರು! ಆ ಮಾತಿಗೆ ನಾನು ತಲೆಯಾಡಿಸಿದ್ದೆ.

ಪರಮೇಶ್ವರಪ್ಪ ವಹಿ ಹಿಡಿದು ಬಂದರು.

“ಶನಿವಾರ ಬೆಳಿಗ್ಗೆ ಒಯ್ದು ಮಧ್ಯಾಹ್ನ ವಾಪಸ್ ಕೊಟ್ಟಾರ. ವಿಘ್ನೇಶ್ವರ ಹೆಗಡೇರು. ತಮ್ಮ ಪುಸ್ತಕ ತಾವ ಒಯ್ದಾರ, ಅದರಾಗ ತಪ್ಪೇನದ?”

“ಅವರ ಮನ್ಯಾಗ ಇದರ ಇಪ್ಪತ್ತು ಪ್ರತಿ ಇರಬೇಕು. ನಮ್ಮದ ಯಾಕ ಬೇಕಾತು?”

ಅವರು ವಹಿಯನ್ನು ಮತ್ತೊಮ್ಮೆ ನೋಡಿದರು. ಅಷ್ಟರಲ್ಲಿ ಯಲ್ಲಾಪುರ ಬಸ್ಸಿನ ಕಂಡಕ್ಟರು ಒಂದು ಲಕೋಟೆ ಎಸೆದು ಹೋದ. ಮಂಚಿಕೇರಿ ಶಾಖೆಗೆ ನಿನ್ನೆ ಫೋನು ಮಾಡಿ, ನಿಮ್ಮಲ್ಲಿರುವ ಪ್ರತಿಯನ್ನು ಕಳಿಸಿ ಎಂದಿದ್ದೆ. ಅವರು ಅದನ್ನು ಯಾವತ್ತೂ ತೆರೆದಿರಲಿಕ್ಕಿಲ್ಲ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ನಲವತ್ತೆರಡನೇ ಪುಟ ತೆಗೆದೆ. ಕೆಳಗೆ, ಬಲಗಡೆ, ಎರಡು ಚುಕ್ಕಿ, ಒಂದು ಅಂಕಿ, ಒಂದು ಓರೆ ಗೆರೆ, ಒಂದು ಅಡ್ಡ ಗೆರೆ.

..43/-

“ಏನ್ರಿ ಇದು?” ಪರಮೇಶ್ವರಪ್ಪ ಕೇಳಿದರು.

“ಟೈಪ್ ಮಾಡೋರ ರೂಢಿ. ಮುಂದ ಇನ್ನೊಂದು ಹಾಳಿ ಅದ ಅಂದ್ರ ಕೆಳಗ ಅದರ ನಂಬರ್ ಹಾಕ್ತಾರ. ಕಚೇರಿ ಕಾಗದಾ ನೋಡ್ರಿ, ಎಲ್ಲಾದ್ರಾಗೂ ಇರ್ತದ. ಕಡೀ ಹಾಳಿಗೆ ಮಾತ್ರ ಹಾಕೂದಿಲ್ಲ.”

“ಮತ್ತ ಇದು ಕಡೀ ಹಾಳಿ ಅಲ್ಲೇನು?”

“ಅಲ್ಲ.”

ಪರಮೇಶ್ವರಪ್ಪ ನನ್ನ ಮುಖ ನೋಡಿದರು. ಎಷ್ಟು ಚಂದ ಹಿಡಿದಿರಿ ಅಕ್ಕಾರ ಅನ್ನುವ ಮೆಚ್ಚುಗೆ ಅವರ ಕಣ್ಣಲ್ಲಿತ್ತು. ನನಗೆ ನೆಲದೊಳಗೆ ಇಳಿದುಹೋಗುವಂತಾಯಿತು.

ಯಾಕೆಂದರೆ ನಾನು ಹಿಡಿದದ್ದು ಏನೂ ಇಲ್ಲ. ಓದುಗರೇ, ಇಷ್ಟು ಹೊತ್ತು ನಿಮ್ಮ ಹತ್ತಿರವೂ ಮುಚ್ಚಿಟ್ಟ ಮಾತನ್ನು ಈಗ ಹೇಳಿಬಿಡುತ್ತೇನೆ. ಆ ನಲವತ್ಮೂರನ್ನು ಹೊಡೆದದ್ದು ನನ್ನ ಬೆರಳು.

*

ತೊಂಬತ್ತಾರರ ಮಾತು, ಮೂರು ವರ್ಷ ಹಿಂದಿನದು. ವಿಘ್ನೇಶ್ವರ ಹೆಗಡೆ ಕೈಬರಹದ ಕಟ್ಟು ಹಿಡಿದುಕೊಂಡು ನನ್ನ ಕ್ಲಾಸಿಗೆ ಬಂದ. ಅವನ ಪ್ರಿಂಟರಿನ ಅಕ್ಷರ ಮಾಸಲು, ನಕಲು ತೆಗೆದರೆ ಕಾಣುವುದಿಲ್ಲ. ಮೂವತ್ತು ಪ್ರತಿ ಬೇಕು, ಸ್ಟೆನ್ಸಿಲ್ ಹೊಡೆದು ಸೈಕ್ಲೋಸ್ಟೈಲ್ ಮಾಡಿಕೊಡಿ ಅಂದ. ಮೇಣದ ಹಾಳೆಯ ಮೇಲೆ ಟೈಪ್ ಮಾಡಿ, ಅದನ್ನು ಉರುಳೆಗೆ ಸುತ್ತಿ ತಿರುಗಿಸಿದರೆ ಎಷ್ಟು ಬೇಕಾದರೂ ಪ್ರತಿ ಬರುತ್ತದೆ. ಹನ್ನೆರಡು ದಿನ ಕೂತು ಐವತ್ಮೂರು ಸ್ಟೆನ್ಸಿಲ್ ಹೊಡೆದೆ.

ಐವತ್ಮೂರು. ನಲವತ್ತೆರಡಲ್ಲ.

ಹದಿಮೂರನೇ ದಿನ ಅವನು ಬಂದು ಕೊನೆಯ ಹನ್ನೊಂದನ್ನು ಎತ್ತಿ ಪಕ್ಕಕ್ಕಿಟ್ಟ. “ಇದು ಬೇಡ ಅಕ್ಕೋರೆ. ಇದೆಲ್ಲ ನಮ್ಮ ಮನೆ ಒಳಗಿಂದು, ಹೊರಗಿನವರಿಗೆ ಎಂತಕ್ಕೆ?” ಅಂದ.

ನಾನೇನು ದಡ್ಡಿಯೇ? ಮೊದಲ ಪುಟ ಹೊಡೆದವಳೂ ನಾನೇ. ಅದರಲ್ಲಿ ಹೀಗಿತ್ತು: ‘ಈ ಪುಸ್ತಕದಲ್ಲಿ ಇರುವಷ್ಟೇ ಕರೆಗಳು ತಳಪಾಯದಲ್ಲಿವೆ. ನಮ್ಮ ಸ್ವಂತ ಪ್ರೋಗ್ರಾಂಗಳೂ ಇವನ್ನು ಬಿಟ್ಟು ಬೇರೆ ಯಾವ ಕರೆಯನ್ನೂ ಬಳಸುವುದಿಲ್ಲ.’ ಆ ಎರಡು ಸಾಲನ್ನು ಬರೆದುಕೊಟ್ಟರೆ ಮಾತ್ರ ನಿನ್ನ ತಳಪಾಯವನ್ನು ತೆಗೆದುಕೊಳ್ಳುತ್ತೇವೆ ಎಂದು ಸಂಘ ಹಟ ಹಿಡಿದಿತ್ತು. ನಾಳೆ ಬೇರೆ ಯಾರಾದರೂ ಪ್ರೋಗ್ರಾಂ ಬರೆದು ತಂದರೆ ಅವರಿಗೂ ಹೆಗಡೆಗೂ ಒಂದೇ ನ್ಯಾಯ ಇರಬೇಕು ಅನ್ನುವುದು ಮಂಡಳಿಯ ಮಾತು. ನಾನು ಕೇಳಿದ್ದೆ ಕೂಡ: “ಮತ್ತ ಮೊದಲನೇ ಪುಟದಾಗ ಹಿಂಗ್ ಬರದೀರಲ್ಲ?”

ಅವನು ನಕ್ಕ. ಕ್ಲಾಸಿನ ಹೊರಗಿದ್ದ ನನ್ನ ಬೋರ್ಡು ನೋಡಿದ. ಆಗ ಟೈಪಿಂಗಿಗೆ ಬರುವವರು ಕಮ್ಮಿಯಾಗುತ್ತ ಬಂದಿದ್ದರು. “ಅಕ್ಕೋರೆ, ನಮ್ಮಲ್ಲಿ ಎರಡು ಹಳೇ ಕಂಪ್ಯೂಟರ್ ಸುಮ್ಮನೆ ಬಿದ್ದಿದೆ. ನಿಮ್ಮಲ್ಲಿಟ್ಟರೆ ಬೋರ್ಡಿನ ಮೇಲೆ ಇನ್ನೊಂದು ಶಬ್ದ ಬರೆಸ್ಬಹುದು ಅಲ್ದಾ?”

ಬರೆಸಿದೆ. ‘ಟೈಪಿಂಗ್ ಮತ್ತು ಕಂಪ್ಯೂಟರ್’. ಕ್ಲಾಸು ಉಳಿಯಿತು.

ಹನ್ನೊಂದು ಸ್ಟೆನ್ಸಿಲನ್ನು ಅವನೆದುರೇ ಬಚ್ಚಲ ಒಲೆಗೆ ಹಾಕಿದೆ. ಮೇಣ ಚಟಚಟ ಅಂದಿತು. ಪರಿವಿಡಿಯನ್ನು ತಿದ್ದಿದೆ, ಒಟ್ಟು ಪುಟಗಳ ಸಂಖ್ಯೆ ತಿದ್ದಿದೆ. ನಲವತ್ತೆರಡರ ಕೆಳಗಿನ ಆ ಅಂಕಿಯನ್ನು ಮಾತ್ರ ಅಳಿಸಲು ಮರೆತೆ. ಒಳಗಿನ ಮನಸ್ಸು ಬೇಕೆಂದೇ ಬಿಟ್ಟಿತು ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಸುಳ್ಳು. ಬರೀ ಮರೆವು.

ಶುಕ್ರವಾರ ಯಂತ್ರ ನಿಂತಾಗ ನಾನು ಸಭೆಯಲ್ಲಿ ಮೂರನೇ ಸಾಲಿನಲ್ಲಿದ್ದೆ. ಇದು ಆ ಹನ್ನೊಂದು ಪುಟದ ಕೆಲಸ ಎಂದು ನನಗೆ ಆ ಕ್ಷಣಕ್ಕೇ ಹೊಳೆಯಿತು. ಹುಡುಗಿ ಅಳುತ್ತಿದ್ದಳು. ನಾನು ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದೆ. ಆಮೇಲೆ ತನಿಖೆ ನನ್ನ ಕೈಗೇ ಬಂದಾಗ, ನನ್ನ ಬಾಯಿಯ ಅಗತ್ಯವಿಲ್ಲದ ಸಾಕ್ಷಿಯೊಂದು ಎಲ್ಲಾದರೂ ಸಿಕ್ಕರೆ ಸಾಕು, ಅವಳೂ ಉಳಿಯಲಿ, ನಾನೂ ಉಳಿಯಲಿ ಎಂದುಕೊಂಡೆ. ಮಂಚಿಕೇರಿಯ ಪ್ರತಿಗೆ ಫೋನು ಮಾಡಿದ್ದು ಅದಕ್ಕೇ. ಪತ್ತೇದಾರಿಕೆಯಂತೆ, ನಾಚಿಕೆ ಆಗಬೇಕು ನನಗೆ.

*

ಹೆಗಡೆಯ ಆಫೀಸು ಸಿ.ಪಿ. ಬಜಾರಿನಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಹತ್ತಬೇಕು, ಯಂತ್ರಕ್ಕೆ ಧೂಳು ಆಗುವುದಿಲ್ಲವಂತೆ.

ಅವನು ಫೋನಿನಲ್ಲಿದ್ದ. “ಆನು ಈಗ ಕೆಲಸದಲ್ಲಿದ್ದೆ, ಆಮೇಲೆ ಮಾಡ್ತೆ,” ಎಂದು ಮನೆಮಾತಿನಲ್ಲಿ ಹೇಳಿ ಫೋನಿಟ್ಟು, ಎದ್ದು ನಿಂತ. “ಬನ್ನಿ ಅಕ್ಕೋರೆ. ಕೂತ್ಕೊಳ್ಳಿ. ಕಷಾಯ ಕುಡೀತ್ರಾ?”

“ಬ್ಯಾಡ.” ಮಂಚಿಕೇರಿಯ ಪ್ರತಿಯನ್ನು ಮೇಜಿನ ಮೇಲಿಟ್ಟು ನಲವತ್ತೆರಡನೇ ಪುಟ ತೆರೆದೆ. “ಇದನ್ನ ಕೆರೀಲಿಕ್ಕೆ ಮಂಚಿಕೇರಿ ತನಕಾ ಹೋಗಲಿಲ್ಲೇನು?”

ಅವನು ಬಗ್ಗಿ ನೋಡಿದ. ಮುಖದ ಬಣ್ಣವೇನೂ ಬದಲಾಗಲಿಲ್ಲ. “ಓ. ಉಳಿದ ಶಾಖೆಯದ್ದೆಲ್ಲ ವಾಪಸ್ ತರಿಸಿದ್ದೆ, ಅಲ್ಲಿ ಒಂದು ಪ್ರತಿ ಇದೆ ಅಂತ ಮರ್ತೇ ಹೋಗಿತ್ತು.”

“ನಲವತ್ತೇಳನೇ ಪುಟದಾಗ ಕೆಲಸ ನಿಲ್ಲೂ ವಿಷಯ ಏನೋ ಇತ್ತಲ್ಲ, ಏನದು ವಿಘ್ನೇಶ್ವರ?”

“ಹೊಡೆದವರು ನೀವು. ನೆನಪಿಲ್ವಾ?”

“ನಾ ಅಕ್ಷರ ಹೊಡೀತೀನಿ, ಅರ್ಥ ಅಲ್ಲ. ನೀ ಹೇಳು.”

ಅವನು ಕುರ್ಚಿಗೆ ಒರಗಿದ. ಮುಚ್ಚಿಡುವ ಗೋಜಿಗೇ ಹೋಗಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

“ದಾರಿ ಬಿಡು ಅನ್ನೋ ಕರೆ. ಒಂದು ಕಡೆ ಚೀಟಿ ತುಂಬ್ತಾ ಇದ್ದಾಗಲೇ ಇನ್ನೊಂದು ಕಡೆ ಅಚ್ಚು ಹಾಕ್ಬೇಕು ಅಂದ್ರೆ, ಎರಡೂ ಎದುರುಬದರು ಬಂದು ನಿಂತುಬಿಡ್ತವೆ. ಆಗ ಒಂದಕ್ಕೆ ದಾರಿ ಬಿಡು ಅಂತ ಹೇಳ್ಬೇಕು. ಹೇಳಿದರೆ ನಡೀತದೆ. ಹೇಳದೇ ಹೋದರೆ ಯಾವತ್ತಾದರೂ ಒಂದು ದಿನ ನಿಲ್ತದೆ.”

“ನಿನ್ನ ರಾಶಿ ಹೇಳ್ತದ.”

“ಹೇಳ್ತದೆ.”

“ಅವಳ ಚೀಟಿ ಹೇಳೂದಿಲ್ಲ.”

“ಅವಳಿಗೆ ಗೊತ್ತಿಲ್ಲ, ಹೇಗೆ ಹೇಳ್ತಾಳೆ?”

ನನಗೆ ಮೈಯೆಲ್ಲ ಉರಿಯಿತು. “ಗೊತ್ತಿದ್ದೂ ವಿಷ ಹಾಕ್ಯಾಳ ಅಂತ ಸಭಾದಾಗ ನಿಂತು ಹೇಳಿದೆಲ್ಲೋ! ನೀನೇನು ಹೊಟ್ಟಿಗೆ ಅನ್ನ ತಿಂತೀಯೋ ಇಲ್ಲೋ?”

“ಸಿಟ್ಟು ಮಾಡ್ಬೇಡಿ ಅಕ್ಕೋರೆ. ಏಳು ವರ್ಷ ನಿದ್ದೆಗೆಟ್ಟು ತಳಪಾಯ ಕಟ್ಟಿದವ ನಾನು. ರಸ್ತೆ ಹಾಕಿದವನಿಗೆ ಒಂದು ಒಳದಾರಿ ಇರ್ಬಾರ್ದಾ? ಅದನ್ನೂ ನಿನ್ನೆ ಮೊನ್ನೆ ಬಂದವರಿಗೆ ತೋರಿಸ್ಬೇಕಾ?”

“ಒಳದಾರಿ ಇಟ್ಟುಕೋ. ಆದ್ರ ಒಳದಾರಿ ಇಲ್ಲ ಅಂತ ಬರೆದುಕೊಡಬಾರದು. ಟೆಂಡರ್ ಹಾಲಿನ್ಯಾಗ ನೋಡು, ಯಾವ ವ್ಯಾಪಾರಿ ಬಂದ್ರೂ ರಾಶಿ ತಳದ ತನಕಾ ಕೈ ಹಾಕಲಿಕ್ಕೆ ಬಿಡ್ತಾರ. ಒಬ್ಬಗ ತಳಾ ತೋರಿಸಿ ಇನ್ನೊಬ್ಬಗ ಮ್ಯಾಲಿಂದ ಅಷ್ಟ ನೋಡು ಅಂದ್ರ ಆವತ್ತ ಹಾಲ್ ಮುಚ್ಚತಾರ. ನೀ ಮಾಡಿದ್ದು ಅದನ್ನ.”

ಅವನು ಕಿಟಕಿಯ ಕಡೆ ತಿರುಗಿದ. ಆ ಮಾತು ನಾಟಿತು ಎಂದುಕೊಂಡೆ. ಅವನ ಅಪ್ಪನೂ ಅದೇ ಹಾಲಿನಲ್ಲಿ ನಲವತ್ತು ವರ್ಷ ರಾಶಿ ಸುರಿದವನು.

“ಸರಿ,” ಅಂದ. “ನಾಳೆ ಹೇಳಿ. ಹನ್ನೊಂದು ಪುಟ ಕಡಿಮೆ ಮಾಡಿದ ಅಂತ ಹೇಳಿ. ಯಾರು ಟೈಪ್ ಮಾಡಿದ್ದು ಅಂತ ಕೇಳ್ತಾರೆ. ಯಾರು ಸುಟ್ಟಿದ್ದು ಅಂತ ಕೇಳ್ತಾರೆ. ಮೂರು ವರ್ಷ ಯಾಕೆ ಸುಮ್ಮನಿದ್ರಿ ಅಂತ ಕೇಳ್ತಾರೆ. ನಿಮ್ಮ ಕ್ಲಾಸಿನ ಕಂಪ್ಯೂಟರ್ ಎಲ್ಲಿಂದ ಬಂತು ಅಂತಲೂ ಕೇಳ್ತಾರೆ. ಉತ್ತರ ಇದ್ಯಾ?”

ನಾನು ಚೀಲವನ್ನು ಹತ್ತಿರ ಎಳೆದುಕೊಂಡೆ.

“ನಾನು ಕೆಟ್ಟವ ಅಲ್ಲ ಅಕ್ಕೋರೆ. ಆ ಹುಡುಗಿ ಜೈಲಿಗೆ ಹೋಗ್ಬೇಕು ಅಂತ ನನಗೂ ಇಲ್ಲೆ. ಸಿಟ್ಟಲ್ಲಿ ಹೇಳಿದ್ದು ಅದು. ನೀವು ಹೀಗೆ ಬರೀರಿ. ವಿಷ ಗಿಷ ಎಂತದೂ ಇಲ್ಲ, ಅನುಭವ ಸಾಲದೇ ಆದ ತಪ್ಪು. ಪೊಲೀಸು ಬೇಡ. ಕೆಲಸ ಮಾತ್ರ ರಾಶಿಗೇ ಇರಲಿ. ಅವಳೂ ಮನೆಗೆ ಹೋಗ್ತಾಳೆ, ನೀವೂ ಕ್ಲಾಸಿಗೆ ಹೋಗ್ತೀರಿ. ಯಾರ ಹೆಸರೂ ಕೆಡೋದಿಲ್ಲ.”

ಇದನ್ನು ಬರೆಯಲು ಕೈ ಏಳುವುದಿಲ್ಲ, ಆದರೂ ಬರೆಯುತ್ತೇನೆ. ಆ ಮಾತು ಕೇಳಿ ನನಗೆ ಹಾಯೆನಿಸಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಜೈಲಿಲ್ಲ, ದೂರಿಲ್ಲ, ನನ್ನ ಹೆಸರಿಲ್ಲ. ಏನೂ ತಪ್ಪು ಮಾಡದ ಹುಡುಗಿಯ ನೆತ್ತಿಗೆ ‘ಅನುಭವ ಸಾಲದು’ ಎಂದು ಬರೆಯಬೇಕು, ಅಷ್ಟೇ.

“ಯೋಚನೆ ಮಾಡ್ತೀನಿ,” ಅಂದೆ.

ಥೂ ನನ್ನ! ಜಗಳಕ್ಕೆ ಹೋದವಳು ಯೋಚನೆ ಮಾಡ್ತೀನಿ ಎಂದು ಹೇಳಿ ಬಂದೆ. ಮೆಟ್ಟಿಲಿಳಿಯುವಾಗ ಅವನ ಮುಖ ನೋಡುವ ಧೈರ್ಯ ಕೂಡ ಇರಲಿಲ್ಲ. ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿಕೊಂಡು, ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ದೇವಿಕೆರೆ ಕಡೆ ನಡೆದೆ.

*

ಕ್ಲಾಸಿನ ಬಾಗಿಲಲ್ಲಿ ಪರಿಮಳಾ ಕೂತಿದ್ದಳು. ನನ್ನನ್ನು ಕಂಡದ್ದೇ ಎದ್ದಳು. ನಾಲ್ಕು ದಿನದಿಂದ ಅತ್ತು ಊದಿದ ಮುಖದಲ್ಲಿ ಇವತ್ತು ನಗು ಇತ್ತು.

“ಅಕ್ಕೋರೆ, ಸಿಕ್ತು!”

“ಏನ್ ಸಿಕ್ತು ತಂಗಿ? ಒಳಗ ಬಾ ಮೊದಲು.”

ಅವಳು ಬೆಂಚಿನ ಮೇಲೆ ಒಂದು ಹಳೇ ನೋಟ್‌ಬುಕ್ ಇಟ್ಟಳು. ನೋಡಿದ ಕೂಡಲೇ ಗುರುತು ಹತ್ತಿತು. ಅವಳು ತೊಂಬತ್ತಾರರಲ್ಲಿ ನನ್ನಲ್ಲೇ ಟೈಪಿಂಗ್ ಕಲಿತವಳು. ನಮ್ಮ ಕ್ಲಾಸಿನಲ್ಲಿ ಅರ್ಜಿ, ಕಾಗದಗಳ ಮಾದರಿ ಬರೆದುಕೊಳ್ಳಲು ಪ್ರತಿಯೊಬ್ಬರಿಗೂ ಇಂಥದ್ದೊಂದು ಪುಸ್ತಕ ಇರುತ್ತದೆ.

“ಮಂಡಳಿಗೆ ಒಂದು ಅರ್ಜಿ ಬರೆಯೋಣ, ಸರಿಯಾದ ಮಾದರಿ ಹೇಗೆ ಅಂತ ಇದನ್ನ ಅಟ್ಟದಿಂದ ತೆಗೆದೆ. ಅಂಟು ಬಿಟ್ಟು ಹೊರಗಿನ ಹೊದಿಕೆ ಕೈಗೆ ಬಂತು. ಒಳಮೈ ನೋಡಿ.”

ದಪ್ಪ, ಹಳದಿ ಹಾಳೆ. ಒಳಮೈಯಲ್ಲಿ ಕಾರ್ಬನ್ನಿನ ಮಸುಕು ಅಕ್ಷರಗಳು. ತಲೆಯಲ್ಲಿ ‘47’. ಅದರ ಕೆಳಗೆ, ‘ದಾರಿ ಬಿಡು: ಎರಡು ಕೆಲಸಗಳು ಒಂದನ್ನೊಂದು ಕಾಯುತ್ತ ನಿಂತಾಗ ಬಳಸುವ ಕರೆ.’

ಅಕ್ಷರ ನನ್ನ ಮಿಷನ್ನಿನದೇ.

ಸ್ಟೆನ್ಸಿಲಿಗೆ ಎರಡು ಪದರ ಇರುತ್ತದೆ. ಮೇಲೆ ಮೇಣದ ಹಾಳೆ, ಹಿಂದೆ ಆಧಾರಕ್ಕೆ ದಪ್ಪ ಹಾಳೆ, ನಡುವೆ ಕಾರ್ಬನ್. ಮೇಣದ ಮೇಲೆ ಹೊಡೆದದ್ದು ದಪ್ಪ ಹಾಳೆಯ ಮೇಲೆ ಕಪ್ಪಗೆ ಮೂಡುತ್ತದೆ. ತಪ್ಪು ತಿದ್ದಲು ಸುಲಭವೆಂದು ನಾನು ಆ ದಪ್ಪ ಹಾಳೆಯನ್ನು ಮೊದಲೇ ಹರಿದಿಟ್ಟುಕೊಂಡು ಓದುತ್ತಿದ್ದೆ. ಆಮೇಲೆ ಒಳ್ಳೇ ಹಾಳೆ ಹಾಳಾಗಬಾರದೆಂದು ಅದರಲ್ಲೇ ಹೊಸ ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಿಕೊಡುತ್ತಿದ್ದೆ. ಬಚ್ಚಲ ಒಲೆಗೆ ಹೋದದ್ದು ಹನ್ನೊಂದು ಮೇಣದ ಹಾಳೆ ಮಾತ್ರ. ಬೆನ್ನ ಹಿಂದಿನ ಹನ್ನೊಂದು, ನನ್ನ ಜಿಪುಣತನದಿಂದ, ಹನ್ನೊಂದು ಮಕ್ಕಳ ಮನೆಗೆ ಹೋಗಿದ್ದವು. ಹೆಗಡೆಗೆ ಇದು ಗೊತ್ತಿಲ್ಲ. ಇವತ್ತಿನವರೆಗೆ ನನಗೂ ನೆನಪಿರಲಿಲ್ಲ.

“ನಾನು ನಾಲ್ಕು ದಿನದಿಂದ ತಲೆ ಕೆಡಿಸ್ಕೊಂಡು ನನ್ನದೇ ತಪ್ಪು, ನನ್ನದೇ ತಪ್ಪು ಅಂತಿದ್ದೆ ಅಕ್ಕೋರೆ. ಒಂದೇ ಯಂತ್ರ, ಒಂದೇ ಪ್ರಿಂಟರು, ಅವರದ್ದು ಮೂರು ಸೆಕೆಂಡಿಗೆ ಒಂದು ಹಾಳೆ, ನನ್ನದು ಒಂಬತ್ತು. ಗಡಿಯಾರ ಹಿಡಿದು ಎಷ್ಟು ಸಲ ನೋಡಿದ್ದೆ ಗೊತ್ತಾ? ಅಮ್ಮ ಊಟ ಮಾಡು ಅಂದ್ರೆ ಅವಳ ಮೇಲೇ ರೇಗಿದ್ದೆ.” ಅವಳು ಹಾಳೆಯನ್ನು ಎತ್ತಿ ಎದೆಗೊತ್ತಿಕೊಂಡಳು. “ನಾನು ಸಂಘದಿಂದ ಒಯ್ದು ಓದಿದ ಪುಸ್ತಕದಲ್ಲಿ ಈ ಕರೆಯೇ ಇಲ್ಲ. ನನಗೆ ಕೊಟ್ಟಿದ್ದೇ ಅರ್ಧ ಪುಸ್ತಕ. ನಾನು ಕೆಟ್ಟ ಕೆಲಸ ಮಾಡಿಲ್ಲ ಅಲ್ವಾ ಅಕ್ಕೋರೆ?”

“ಇಲ್ಲ ತಂಗಿ. ನಿನ್ನ ಕೆಲಸದಾಗ ತಪ್ಪಿಲ್ಲ.”

ನಾನು ಇಡೀ ದಿನ ಆಡಿದ ಮಾತಿನಲ್ಲಿ ನಿಜ ಅದೊಂದೇ. ಅವಳ ಕಣ್ಣು ತುಂಬಿ ಬಂತು.

“ಒಂದು ಮಾತ್ರ ಗೊತ್ತಾಗ್ಲಿಲ್ಲ,” ಅಂದಳು. “ಇದು ನನ್ನ ಪುಸ್ತಕದ ಮೇಲೆ ಹೇಗೆ ಬಂತು? ಈ ಹೊದಿಕೆ ಹಾಕಿಕೊಟ್ಟಿದ್ದು ಯಾರು ಅಂತ ನೆನಪಿದ್ಯಾ?”

ಬಾಗಿಲು ತೆರೆದಿತ್ತು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಗೋಡೆಯ ಆಚೆ ಹೆಗಡೆ ಕೊಟ್ಟ ಎರಡು ಕಂಪ್ಯೂಟರಿನ ಮುಂದೆ ಮಧ್ಯಾಹ್ನದ ತಂಡದ ಹುಡುಗಿಯರು ಕೂತು ಕೀಲಿ ಒತ್ತುತ್ತಿದ್ದರು. ನಾನೇ ಹಾಕಿದ್ದು ಅನ್ನಬೇಕಿತ್ತು, ಎರಡೇ ಶಬ್ದ.

“ನೆನಪಿಲ್ಲ ತಂಗಿ. ಭಾಳ ವರ್ಷಾತು.”

“ಹೋಗ್ಲಿ ಬಿಡಿ,” ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. “ನಿಮ್ಮ ಕ್ಲಾಸಿಗೆ ಬಂದಿದ್ದಕ್ಕೇ ಇದು ಸಿಕ್ತು ಅಂತ ಅಮ್ಮ ಅಂದ್ಳು. ಈಗ್ಲೇ ಸಂಘಕ್ಕೆ ಹೋಗಿ ಪರಮೇಶ್ವರಪ್ಪನವರ ಕೈಲಿ ಕೊಡ್ತೇನೆ. ಕಳೆದು ಹೋದೀತು ಅಂತ ಬರುವಾಗಲೇ ಬಜಾರಿನಲ್ಲಿ ಒಂದು ಝೆರಾಕ್ಸ್ ತೆಗೆಸಿದೆ.”

“ಬಜಾರಿನಾಗ ಎಲ್ಲಿ?”

“ಹೆಗಡೇರ ಆಫೀಸಿನ ಕೆಳಗೆ ಇದ್ಯಲ್ಲ, ಅಲ್ಲೇ.”

ಅವಳು ಮೆಟ್ಟಿಲಿಳಿದು ಓಡಿಯೇ ಹೋದಳು. ನಾನು ಪರಿಮಳಾ, ನಿಲ್ಲು ಎಂದು ಕೂಗುವಷ್ಟರಲ್ಲಿ ತಿರುವು ದಾಟಿದ್ದಳು. ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಹೋದರೆ ಅವಳ ಮುಂದೆ ಏನು ಹೇಳಲಿ ಎಂದು ಹೊಸ್ತಿಲಲ್ಲೇ ನಿಂತೆ.

*

ಮುಕ್ಕಾಲು ಗಂಟೆ ಕಳೆದ ಮೇಲೆ ಫೋನು ಬಂತು.

“ಅಕ್ಕೋರೆ, ನಾನು ವಿಘ್ನೇಶ್ವರ. ಸಂಘದ ಆಫೀಸಿಂದ.” ಧ್ವನಿಗೆ ಬಾವಿಯೊಳಗಿನಿಂದ ಬಂದ ಹಾಗೆ ಅನುರಣನ ಇತ್ತು. “ಸ್ಪೀಕರ್ ಹಾಕಿದ್ದೇವೆ. ಪರಮೇಶ್ವರಪ್ಪನವರು ಇದ್ದಾರೆ, ನಾನು ಕರೆಸಿದ ಸಬ್ ಇನ್‌ಸ್ಪೆಕ್ಟರ್ ಇದ್ದಾರೆ. ಪರಿಮಳಾನೂ ಇದ್ದಾಳೆ.”

“ಹೇಳು,” ಅಂದೆ.

“ಈ ಹುಡುಗಿ ಹತ್ರ ನಮ್ಮ ಮನೆಯ ಒಂದು ಹಾಳೆ ಸಿಕ್ಕಿದೆ, ಕೆಳಗಿನ ಝೆರಾಕ್ಸ್ ಅಂಗಡಿಯವ ನೋಡಿ ಹೇಳಿದ. ನಲವತ್ತೇಳು. ಅದು ಪುಸ್ತಕದ್ದಲ್ಲ, ನಮ್ಮ ಅರ್ಧಂಬರ್ಧ ಕರಡು. ಅದನ್ನ ಕದ್ದು, ಅದರಲ್ಲಿದ್ದ ಕರೆಯನ್ನ ಸರಿಯಾಗಿ ತಿಳೀದೇ ತನ್ನ ಪ್ರೋಗ್ರಾಮಿನಲ್ಲಿ ಬಳಸಿದ್ದಾಳೆ. ಯಂತ್ರ ನಿಂತಿದ್ದು ಅದಕ್ಕೇ. ನಾಲ್ಕು ದಿನದಿಂದ ನಾನು ಹೇಳ್ತಿದ್ದ ವಿಷ ಇದೇ.”

“ಸುಳ್ಳು!” ಹಿಂದಿನಿಂದ ಪರಿಮಳಾಳ ಧ್ವನಿ ಒಡೆಯಿತು. “ನಾನು ಅದನ್ನ ಓದಿದ್ದೇ ನಿನ್ನೆ ಸಂಜೆ!”

“ಮೂರು ವರ್ಷದಿಂದ ನಿನ್ನ ಮನೆಯಲ್ಲೇ ಇತ್ತು ಅಂತ ನೀನೇ ಹೇಳಿದ್ಯಲ್ಲ ತಂಗಿ,” ಹೆಗಡೆ ಮೆತ್ತಗೆ ಅಂದ.

ಅವಳನ್ನು ಉಳಿಸಬೇಕಾಗಿದ್ದ ಹಾಳೆಯೇ ಈಗ ಅವಳ ಕೈಗೆ ಬೇಡಿ ತೊಡಿಸುತ್ತಿತ್ತು. ಅದನ್ನು ಅಲ್ಲಿಗೆ ಹೋಗಲು ಬಿಟ್ಟವಳು ನಾನು.

ಸಬ್ ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡರು. “ಅಕ್ಕೋರೆ, ಹಾಳೆ ನಿಮ್ಮ ಮಿಷನ್ನಿಂದು ಅಂತಾರೆ. ನಿಮ್ಮ ಕ್ಲಾಸಿನಿಂದ ಇವಳು ಕದ್ದಿರ್ಬೇಕು ಅಂತ ದೂರು. ನೀವು ಏನು ಹೇಳ್ತೀರಿ?”

ಆಗಲೂ ನನ್ನ ನಾಲಿಗೆ ಹೇಡಿಯ ದಾರಿಯನ್ನೇ ಹುಡುಕಿತು.

“ಮೊದಲು ಪುಸ್ತಕದ ನಲವತ್ತೆರಡನೇ ಪುಟದ ಮೂಲಿ ನೋಡ್ರಿ,” ಅಂದೆ. “ಪರಮೇಶ್ವರಪ್ಪನವರ, ನೀವು ಬೆಳಿಗ್ಗೆ ನೋಡೀರಿ. ಮಂಚಿಕೇರಿ ಪ್ರತಿಯೊಳಗ ನಲವತ್ಮೂರು ಅಂತ ಅದ. ಮುಂದ ಪುಟಾ ಇದ್ದವು ಅನ್ನಲಿಕ್ಕೆ ಅದ ಸಾಕ್ಷಿ. ಅದು ನನ್ನ ಚೀಲದಾಗ ಅದ, ಈಗ ತರ್ತೀನಿ.”

ಚೀಲಕ್ಕೆ ಕೈ ಹಾಕಿದೆ. ಕನ್ನಡಕದ ಡಬ್ಬಿ, ಕೊಡೆ, ಎಲೆಯಡಿಕೆಯ ಸಂಚಿ. ಪುಸ್ತಕ ಇರಲಿಲ್ಲ.

ತಲೆ ತಗ್ಗಿಸಿಕೊಂಡು ಅವನ ಮಹಡಿ ಇಳಿದು ಬಂದದ್ದು ನೆನಪಾಯಿತು.

“ಮಂಚಿಕೇರಿ ಪ್ರತಿ ಇಲ್ಲೇ ಇದೆ ಅಕ್ಕೋರೆ,” ಹೆಗಡೆ ಹೇಳಿದ. “ಬೆಳಿಗ್ಗೆ ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ರಿ. ಸಾಹೇಬ್ರು ಈಗಷ್ಟೇ ನೋಡಿದ್ರು. ಆ ಪುಟದ ಮೂಲೆ ಹರಿದುಹೋಗಿದೆ. ಹಳೇ ಪುಸ್ತಕ, ಇಲಿ ಇರ್ಬೇಕು.”

“ನಾ ನೋಡೇನ್ರಿ, ಬೆಳಿಗ್ಗೆ ಅಂಕಿ ಇತ್ರಿ,” ಪರಮೇಶ್ವರಪ್ಪ ಅಂದರು. “ಆದ್ರ ಅದರ ಅರ್ಥ ನನಗೇನು ಗೊತ್ರಿ ಸಾಹೇಬ್ರ, ಅಕ್ಕಾರು ಹೇಳಿದ್ದು ಕೇಳೇನಿ ಅಷ್ಟ.”

ಫೋನಿನಲ್ಲಿ ಪರಿಮಳಾ ಬಿಕ್ಕುವುದು ಮಾತ್ರ ಕೇಳುತ್ತಿತ್ತು. ಇನ್ನು ಕಾಗದ ಇಲ್ಲ, ಅಂಕಿ ಇಲ್ಲ, ಮೂಲೆ ಇಲ್ಲ. ಉಳಿದದ್ದು ನಾನೊಬ್ಬಳು.

“ಅಕ್ಕೋರೆ,” ಅವಳು ಕರೆದಳು. “ಅದು ನಿಮ್ಮ ಕ್ಲಾಸಿನ ಹೊದಿಕೆ ಅಂತ ಒಂದು ಮಾತು ಹೇಳಿ. ಯಾರು ಹಾಕಿದ್ದು ಅನ್ನೋದು ನಿಮಗೆ ನೆನಪಿಲ್ಲ ಅಂತ ನನಗೆ ಗೊತ್ತು. ಸ್ವಲ್ಪ ನೆನಪು ಮಾಡ್ಕೊಳ್ಳಿ, ದಮ್ಮಯ್ಯ.”

“ನೆನಪದ,” ಅಂದೆ.

ಅತ್ತ ಬಿಕ್ಕು ನಿಂತಿತು.

“ಆಗಲೂ ನೆನಪಿತ್ತು, ಪರಿಮಳಾ.”